ಸುಣ್ಣ ಉಣ್ಣುವ ಪಾಚಿ

ಪಾಚಿಯನ್ನು ಯಾರಾದರೂ ಮುದ್ದು ಮಾಡುತ್ತಾರೆಯೇ ಎಂದು ನಕ್ಕವರ ಜೊತೆ ನಾನು ಈಗಲೂ ಜಗಳಕ್ಕೆ ನಿಲ್ಲುತ್ತೇನೆ. ಇವಳಿಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ನಮ್ಮ ಮನೆಯಲ್ಲಿ ಮೊದಲಿನಿಂದಲೂ ಹೇಳುತ್ತಾರೆ. ಹೇಳಲಿ. ಒಂದು ಹಿಡಿ ಪಾಚಿಗೋಸ್ಕರ ಊರೆದುರು ತಪ್ಪು ಒಪ್ಪಿಕೊಂಡು, ತಾವೇ ನೆಟ್ಟ ಸಸಿಗಳನ್ನು ಕಣ್ಣೆದುರೇ ಒಣಗಲು ಬಿಟ್ಟ ಹೆಂಗಸೊಬ್ಬರನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಅವರ ವಿಷಯ ಬಂದಾಗ ನನಗೆ ಬಾಯಿ ಮುಚ್ಚಿಕೊಂಡು ಕೂರಲು ಆಗುವುದಿಲ್ಲ.

ಎಪ್ಪತ್ತರ ದಶಕದ ನಡುಭಾಗ ಅದು. ಸಾಗರದ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದಿ ಬಿ.ಎಡ್. ಮುಗಿಸಿದ್ದ ನನಗೆ ಹೊಸನಗರ ತಾಲ್ಲೂಕಿನಲ್ಲಿ, ಹಿಂದೆ ಅರಸರು ಆಳಿದ ನಗರವೆಂಬ ಹಳೆಯ ಊರಿನಿಂದ ಇನ್ನಷ್ಟು ಒಳಗಿದ್ದ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ಕೆಲಸ ಸಿಕ್ಕಿತು. ಮದುವೆಯಾಗದ ಹುಡುಗಿ ಒಬ್ಬಳೇ ಎಲ್ಲಿರುವುದು ಎಂಬ ಪ್ರಶ್ನೆ ಬಂದಾಗ ಹೆಡ್‌ಮಾಸ್ತರರು ನನ್ನ ಟ್ರಂಕು ಹೊರಿಸಿಕೊಂಡು ಹೋಗಿ ಒಂದು ಮನೆಯ ಜಗಲಿಯ ಮೇಲೆ ಇಳಿಸಿದರು. ಆ ಮನೆಯ ಯಜಮಾನಿಯನ್ನು ಊರೆಲ್ಲ ಗೌಡ್ತಮ್ಮ ಎನ್ನುತ್ತಿತ್ತು. ಐವತ್ತು ದಾಟಿದವರು, ಗಂಡ ತೀರಿದ ಮೇಲೆ ತೋಟ, ಗದ್ದೆ, ಆಳುಕಾಳು ಎಲ್ಲವನ್ನೂ ತಾವೇ ನಿಭಾಯಿಸುತ್ತಿದ್ದರು. ಅವರು ಅಂಗಳದಲ್ಲಿ ನಿಂತು ಮಾತಾಡಿದರೆ ಗದ್ದೆಯ ಆಚೆ ಬದಿಯವರು ಓಗೊಡುತ್ತಿದ್ದರು. ಮೊದಲ ವಾರ ನನ್ನನ್ನು "ನೀವು ಟೀಚರಮ್ಮ" ಎಂದರು. ಎರಡನೇ ವಾರಕ್ಕೆ "ನೀನು ಮಾರಾಯ್ತಿ" ಆಯಿತು. ನನಗೆ ಎರಡನೆಯದೇ ಹಿತವಾಗಿತ್ತು.

ಆ ಮನೆಯಲ್ಲಿ ನನ್ನ ಕಣ್ಣು ಕುಕ್ಕಿದ್ದು ತಾಮ್ರದ ಕೊಡಗಳ ಹೊಳಪು. ನಮ್ಮಮ್ಮ ಸಾಗರದಲ್ಲಿ ಹುಣಸೆಹಣ್ಣು ಹಾಕಿ ರಟ್ಟೆ ನೋಯುವಷ್ಟು ತಿಕ್ಕಿದರೂ ಆ ಹೊಳಪು ಬರುತ್ತಿರಲಿಲ್ಲ. ಗುಟ್ಟೇನು ಎಂದು ಕೇಳಿದೆ.

"ಎಂಥ ಗುಟ್ಟು? ಕೊಳದ ಪಾಚಿಲಿ ತಿಕ್ಕಿದ್ದು," ಎಂದರು ಗೌಡ್ತಮ್ಮ.

"ಪಾಚಿ ಜಾರ್ತದೆ. ಅದ್ರಲ್ಲಿ ತಿಕ್ಕೋಕೆ ಎಲ್ಲಿ ಬರ್ತದೆ?" ಎಂದೆ. ಬಿ.ಎಸ್ಸಿ. ಮಾಡಿದವಳ ಧಿಮಾಕು.

"ಬಾ, ತೋರಿಸ್ತೀನಿ."

ಕೊಳವಿದ್ದದ್ದು ಅವರ ತೋಟದ ಮೇಲ್ಗಡೆ, ಗುಡ್ಡದ ಬುಡದಲ್ಲಿ. ನಗರದ ಅರಸರ ಕಾಲದ್ದೆಂದು ಹೇಳುತ್ತಿದ್ದರು. ದೊಡ್ಡದೇನಲ್ಲ, ಈ ದಡದಿಂದ ಕಲ್ಲೆಸೆದರೆ ಆ ದಡ ದಾಟಿ ಬೀಳುತ್ತಿತ್ತು. ನಾಲ್ಕೂ ಕಡೆ ಜಂಬಿಟ್ಟಿಗೆ ಕಲ್ಲಿನ ಮೆಟ್ಟಿಲು, ಮೆಟ್ಟಿಲಿಗೆ ಗಾರೆ. ನೀರು ತಳ ಕಾಣುವಷ್ಟು ತಿಳಿ. ಗೌಡ್ತಮ್ಮ ಸೀರೆ ಎತ್ತಿ ಕಟ್ಟಿ ಮೊಣಕಾಲಿನವರೆಗೆ ಇಳಿದು ಒಂದು ಹಿಡಿ ಕಿತ್ತು ನನ್ನ ಕೈಗೆ ಹಾಕಿದರು. ಮರಳು ಹಿಡಿದಂತೆ ತರಿತರಿ. ದಾರದಷ್ಟು ಸಪೂರ ಕಾಂಡ, ಅದರ ಗೆಣ್ಣುಗೆಣ್ಣಿಗೂ ಸುತ್ತ ಹರಡಿದ ಸಣ್ಣ ಕಡ್ಡಿಗಳು, ಮೇಲೆಲ್ಲ ಸುಣ್ಣ ಬಳಿದ ಹಾಗೆ ಬೂದಿ ಬಣ್ಣ. ಬೆರಳಲ್ಲಿ ಹೊಸಕಿದರೆ ಹಳಸಿದ ಬೆಳ್ಳುಳ್ಳಿಯ ನಾತ. ಕಾಲೇಜಿನಲ್ಲಿ ಇದರ ಕುಲದ್ದೊಂದನ್ನು ಬಾಟಲಿಯೊಳಗೆ ಸತ್ತು ಬಿಳಿಚಿಕೊಂಡದ್ದನ್ನು ನೋಡಿದ್ದೆ. ಬದುಕಿರುವುದನ್ನು ಕಂಡದ್ದು ಆವತ್ತೇ ಮೊದಲು, ಅದೂ ಪಾತ್ರೆ ತಿಕ್ಕುವ ಕೆಲಸದಲ್ಲಿ.

ಮುಂದಿನ ಶನಿವಾರ ಒಂದಿಷ್ಟನ್ನು ಬಾಟಲಿಗೆ ಹಾಕಿಕೊಂಡು ಸಾಗರದ ಬಸ್ಸು ಹತ್ತಿದೆ. ಮುಚ್ಚಳ ಸರಿ ಕೂತಿರಲಿಲ್ಲ. ಅರ್ಧ ದಾರಿಯಲ್ಲಿ ಕಂಡಕ್ಟರು ಮೂಗು ಮುಚ್ಚಿಕೊಂಡು, "ಯಾರ್ರೀ ಅದು, ಸತ್ತ ಇಲಿ ತಗೊಂಡು ಹೊಂಟಿರೋರು?" ಎಂದು ಕೇಳಿದ. ನಾನು ಕಿಟಕಿಯ ಕಡೆ ಮುಖ ಮಾಡಿ ಕೂತೆ.

ನನಗೆ ಪಾಠ ಹೇಳಿದ್ದ ಮೇಡಂ ಆಗಿನ್ನೂ ಅದೇ ಕಾಲೇಜಿನಲ್ಲಿದ್ದರು. ತೆಳ್ಳಗಿನ, ಮಾತು ಕಡಿಮೆಯ ಹೆಂಗಸು. ಪಾಚಿಯೆಂದರೆ ಅವರಿಗೆ ಊಟ ನಿದ್ದೆ ಬೇಡ. ಬಾಟಲಿಯದನ್ನು ತಟ್ಟೆಗೆ ಹರಡಿ ಮಸೂರದಲ್ಲಿ ನೋಡಿದರು. ತುಂಬ ಹೊತ್ತಾದ ಮೇಲೆ, "ಇದೆಲ್ಲಿತ್ತು? ನನ್ನನ್ನ ಕರಕೊಂಡು ಹೋಗು," ಎಂದರು. ಮರುದಿನವೇ ಹೊರಟುಬಂದರು.

ಆ ಭಾನುವಾರ ಕೊಳದ ಮೆಟ್ಟಿಲ ಮೇಲೆ ಕೂತು ಮೇಡಂ ಗೌಡ್ತಮ್ಮನಿಗೆ ಎಲ್ಲ ಬಿಡಿಸಿ ಹೇಳಿದರು. ನಮ್ಮ ಈ ಕೆಂಪು ಮಣ್ಣಿನ ಸೀಮೆಯ ನೀರಿನಲ್ಲಿ ಸುಣ್ಣದ ಅಂಶ ಇಲ್ಲವೆನ್ನುವಷ್ಟು ಕಡಿಮೆ. ಈ ಪಾಚಿಗೆ ಸುಣ್ಣ ಬೇಕೇ ಬೇಕು. ಹಾಗಾಗಿ ಸುತ್ತಲಿನ ಯಾವ ಕೆರೆಯಲ್ಲೂ ಅದಿಲ್ಲ. ಇಲ್ಲಿ ಯಾಕಿದೆಯೆಂದರೆ, ಹಳೆಯ ಕಾಲದ ಗಾರೆ ಇನ್ನೂ ಚೂರುಚೂರೇ ನೀರಿಗೆ ಕರಗುತ್ತಿದೆ. ಮೇಡಂ ಉಗುರಿನಿಂದ ಮೆಟ್ಟಿಲ ಸಂದಿ ಕೆರೆದು ಬಿಳಿ ಪುಡಿ ತೋರಿಸಿದರು.

"ಸುಣ್ಣವೇ ಇದರ ಜೀವ ಅಮ್ಮಾ," ಎಂದರು.

"ಎಲೆ ಅಡಿಕೆಗೆ ಸುಣ್ಣ ಬೇಕಾದಂಗೆ," ಎಂದರು ಗೌಡ್ತಮ್ಮ.

ಆಮೇಲೆ ಮೇಡಂ ಹೇಳಿದ್ದು ನನಗೂ ಹೊಸದು. ಇದರ ಒಂದು ದಾಯಾದಿ ಘಟ್ಟದ ಕೆಳಗಿದೆಯಂತೆ. ಹೊಳೆಯ ನೀರೂ ಸಮುದ್ರದ ಉಪ್ಪುನೀರೂ ಬೆರೆತು ನಿಲ್ಲುವ ಹಿನ್ನೀರಿನ ಕೊಳಗಳಲ್ಲಿ ಮಾತ್ರ ಬೆಳೆಯುತ್ತದಂತೆ. ಉಪ್ಪು ಹೆಚ್ಚಾದರೂ ಬದುಕದು, ಕಡಿಮೆಯಾದರೂ ಬದುಕದು. ಅದನ್ನು ಹುಡುಕಿಕೊಂಡು ಅವರು ವರ್ಷಗಟ್ಟಲೆ ರಜೆಯಲ್ಲೆಲ್ಲ ಘಟ್ಟ ಇಳಿದು ಹತ್ತಿದ್ದರು. ಕೊನೆಗೊಮ್ಮೆ ಕಂಡಿತು. ಮರುವರ್ಷ ಹೋದಾಗ ಆ ಕೊಳಕ್ಕೆ ಮಣ್ಣು ತುಂಬಿಸಿ ತೆಂಗಿನ ಸಸಿ ನೆಟ್ಟಿದ್ದರು.

"ಯಾರನ್ನ ಬೈಯೋದು? ಅದು ಅಲ್ಲಿದೆ ಅಂತ ಅವರಿಗೆ ಹೇಳಿದವರೇ ಇಲ್ಲ. ನಾನೂ ಹೇಳಿರಲಿಲ್ಲ," ಎಂದರು ಮೇಡಂ. "ಇದನ್ನಾದರೂ ಉಳಿಸಿಕೊಡಿ ಅಮ್ಮಾ."

ಗೌಡ್ತಮ್ಮ ಎದ್ದು ಮನೆಗೆ ಹೋಗಿ, ಹರಿವಾಣದಲ್ಲಿ ಎಲೆ ಅಡಿಕೆ ಇಟ್ಟುಕೊಂಡು ಬಂದರು. ಮೇಡಂ ಕೈಗೆ ಕೊಟ್ಟು, "ಉಳಿಸಿಕೊಡ್ತೀನಿ. ಇದು ನಮ್ಮನೆ ಮಾತು," ಎಂದರು. ಕೊಳದಲ್ಲಿ ಬಟ್ಟೆ ಒಗೆಯುತ್ತಿದ್ದ ನಾಲ್ಕಾರು ಹೆಂಗಸರು ಕೈ ನಿಲ್ಲಿಸಿ ನೋಡಿದರು. ವೀಳ್ಯ ಕೊಟ್ಟು ಆಡಿದ ಮಾತು ನಮ್ಮ ಕಡೆ ಕಾಗದ ಪತ್ರಕ್ಕಿಂತ ಗಟ್ಟಿ. ಊರಿಗೆಲ್ಲ ಅದು ಸಂಜೆಯೊಳಗೆ ಗೊತ್ತಾಯಿತು.

ಅಲ್ಲಿಂದ ಶುರುವಾಯಿತು ನೋಡಿ ಗೌಡ್ತಮ್ಮನ ದರ್ಬಾರು. ಮೊದಲು ನಿಂತದ್ದು ಅವರದೇ ಮನೆಯ ಪಾತ್ರೆ ತಿಕ್ಕುವುದು. ತಾಮ್ರದ ಕೊಡಗಳು ಕಪ್ಪಿಟ್ಟವು. ಆಮೇಲೆ ಬಟ್ಟೆ. ಸೋಪು ಬೀಳಬಾರದು ಎಂದು ಮೇಡಂ ಹೇಳಿದ್ದರು. ಬರೀ ಬೇಡ ಎಂದರೆ ಯಾರು ಕೇಳುತ್ತಾರೆ? ಗೌಡ್ತಮ್ಮ ತಮ್ಮ ಅಂಗಳದ ಒಗೆಯುವ ಕಲ್ಲುಗಳನ್ನೇ ಕೀಳಿಸಿ, ಆಳುಗಳ ಹೆಗಲ ಮೇಲೆ ಹೊರಿಸಿ ಕೆಳಗಿನ ಹಳ್ಳದ ದಂಡೆಯಲ್ಲಿ ಹಾಕಿಸಿದರು. ಹತ್ತಿಳಿಯಲು ಮೆಟ್ಟಿಲು ಕಡಿಸಿದರು. ಹಳ್ಳ ಹರಿಯುವ ನೀರು, ಬಟ್ಟೆ ಇನ್ನೂ ಚೊಕ್ಕವಾಗುತ್ತಿತ್ತು. ಹೆಂಗಸರು ಗೊಣಗುತ್ತಲೇ ಅತ್ತ ಸರಿದರು. ಎಮ್ಮೆಗಳಿಗೆ ಮಾತ್ರ ಮಾತು ತಿಳಿಯಲಿಲ್ಲ. ಅವಕ್ಕಾಗಿ ಕೊಳದ ಬಾಯಿಗೆ ಗಳ ಅಡ್ಡ ಹಾಕಿಸಿ ತಡಮೆ ಕಟ್ಟಿಸಿದರು.

ಒಮ್ಮೆ ಊರಿನ ಯುವಕರು ಸಂಘ ಕಟ್ಟಿಕೊಂಡು ಬಂದು, ಕೊಳಕ್ಕೆ ಮೀನು ಮರಿ ಬಿಡುತ್ತೇವೆ ಎಂದರು.

"ಹುಲ್ಲು ತಿನ್ನೋ ಮೀನು ಗೌಡ್ತಮ್ಮ. ಪಾಚಿಗೀಚಿ ಎಲ್ಲ ತಿಂದು ತಳ ಗುಡಿಸಿಟ್ಟಂಗೆ ಮಾಡ್ತವೆ," ಎಂದ ಅವರಲ್ಲೊಬ್ಬ.

"ಹೌದನಾ? ಮೊದ್ಲು ನಿಮ್ಮನೆ ಅಟ್ಟ ಗುಡಿಸು ಹೋಗು. ಮೂರು ತಲೆಮಾರಿನ ಜೇಡರ ಬಲೆ ಅದೆ," ಎಂದರು ಗೌಡ್ತಮ್ಮ. ಸಂಘದವರು ಬಂದ ದಾರಿಗೆ ಸುಂಕವಿಲ್ಲ ಎಂದು ಹೋದರು.

ಊರವರು ಅವರಿಗೆ ಪಾಚಿ ಗೌಡ್ತಿ ಎಂದು ಹೆಸರಿಟ್ಟರು. ಮದುವೆ ಮನೆಯಲ್ಲಿ ಪಂಕ್ತಿಗೆ ಕೂತಾಗ ಯಾರೋ, "ಗೌಡ್ತಮ್ಮಂಗೆ ಒಂಚೂರು ಪಾಚಿ ಪಲ್ಯ ಬಡಿಸ್ರೋ," ಎಂದರೆ, ಇವರು, "ನಿಂಗೆ ಬಡ್ಸೋವಷ್ಟು ಇಲ್ಲ ಮಾರಾಯ, ಅಪರೂಪದ್ದು ಅದು," ಎಂದು ಎಲೆ ಮೇಲಿನ ಅನ್ನ ಕಲಸುತ್ತಿದ್ದರು. ನನಗೆ ಆ ಹೆಂಗಸಿನ ಮೇಲೆ ಅಷ್ಟು ಅಭಿಮಾನ ಬಂದುಬಿಟ್ಟಿತ್ತು. ಪರೀಕ್ಷೆಗೆ ಬೇಕೆಂದು ಓದಿದ ನಾನು ಎಲ್ಲಿ, ಒಂದು ಸಲ ಕೇಳಿದ್ದಕ್ಕೆ ಊರನ್ನೇ ಎದುರು ಹಾಕಿಕೊಂಡ ಇವರೆಲ್ಲಿ.

ಎರಡು ಮೂರು ವರ್ಷ ಹೀಗೇ ನಡೆಯಿತು. ಪಾಚಿ ಮೆಟ್ಟಿಲ ಬುಡದವರೆಗೂ ಹಬ್ಬಿತು. ಮೇಡಂ ವರ್ಷಕ್ಕೊಮ್ಮೆ ಚಳಿಗಾಲದಲ್ಲಿ ಬಂದು ನೋಡಿ, ಗೌಡ್ತಮ್ಮನ ಕೈ ಹಿಡಿದುಕೊಂಡು ಹೋಗುತ್ತಿದ್ದರು.

ಆಮೇಲೊಂದು ವರ್ಷ ಮಳೆ ಜಡಿಯಿತು. ಗುಡ್ಡದ ಮೇಲೆ ಯಾರೋ ಹೊಸದಾಗಿ ಕಾಡು ಸವರಿದ್ದರು. ಅಲ್ಲಿಯ ಕೆಂಪು ನೀರು ನೇರ ಕೊಳಕ್ಕೆ ಇಳಿಯಿತು. ಶ್ರಾವಣ ಕಳೆದು ಮಳೆ ಬಿಟ್ಟು ಹೊಳವಾಗುವ ಹೊತ್ತಿಗೆ ಪಾಚಿಯ ಮೇಲೆಲ್ಲ ಕೆಸರು ಕೂತು, ತುದಿಗಳು ಲೋಳೆಲೋಳೆಯಾಗಿ ಬಾಗಿದ್ದವು. ನನಗೂ ಕಸಿವಿಸಿಯಾಯಿತು. ಆದರೆ ನೀರು ತಿಳಿಯಾದರೆ ಸರಿಹೋದೀತು ಎಂದುಕೊಂಡು ಗೌರಿ ಹಬ್ಬಕ್ಕೆ ಸಾಗರಕ್ಕೆ ಹೋದೆ.

ನಾನಿಲ್ಲದಾಗ ಗೌಡ್ತಮ್ಮ ದಿನವೂ ಹೋಗಿ ಆ ಲೋಳೆ ನೋಡುತ್ತಿದ್ದರು. ನಮ್ಮ ಕಡೆ ಕೊಳೆ ಎಂದರೆ ಅಡಿಕೆಯ ಕೊಳೆ. ಮಳೆಗಾಲದಲ್ಲಿ ಕಾಯಿ ಕೊಳೆತು ಉದುರುವ ರೋಗ ಅದು, ಅದಕ್ಕೆ ಮದ್ದು ಒಂದೇ. ಮೈಲುತುತ್ತವನ್ನೂ ಸುಣ್ಣವನ್ನೂ ಬೇರೆಬೇರೆ ನೀರಲ್ಲಿ ಕದಡಿ, ಕೂಡಿಸಿ, ಗೊನೆಗೆ ಹೊಡೆಯುವುದು. ಅಡಿಕೆ ಬೆಳೆಯುವ ಮನೆಯಲ್ಲಿ ಹುಟ್ಟಿದ ಮಕ್ಕಳಿಗೂ ಆ ನೀಲಿ ಔಷಧಿ ಗೊತ್ತು. ಗೌಡ್ತಮ್ಮ ಕೂತು ಯೋಚಿಸಿದರು. ಹಿಡಿದದ್ದು ಕೊಳೆ. ಕೊಳೆಗೆ ಔಷಧಿಯಿದೆ. ಔಷಧಿಯಲ್ಲಿ ಸುಣ್ಣವಿದೆ. ಸುಣ್ಣವೇ ಇದರ ಜೀವ ಎಂದು ಮೇಡಂ ಹೇಳಿದ್ದಾರೆ. ಇದಕ್ಕಿಂತ ಸರಿಯಾದದ್ದು ಇನ್ನೇನಿದೆ? ತೋಟಕ್ಕೆ ಎರಡನೇ ಸಲ ಔಷಧಿ ಹೊಡೆಯುವುದು ಆಗಷ್ಟೇ ಮುಗಿದು ತುತ್ತ ಉಳಿದಿತ್ತು. ಆಳುಗಳಿಂದ ಮತ್ತೆ ಡ್ರಮ್ಮುಗಟ್ಟಲೆ ಕಲಸಿಸಿ, ತಾವೇ ಮುಂದೆ ನಿಂತು, ಕೊಳದ ನಾಲ್ಕೂ ಮೂಲೆಗೆ ಸಮನಾಗಿ ಹೊಯ್ಯಿಸಿದರು.

ಹಬ್ಬ ಮುಗಿಸಿ ಬಂದವಳು ಅಂಗಳಕ್ಕೆ ಕಾಲಿಡುತ್ತಿದ್ದಂತೆ ಗೌಡ್ತಮ್ಮ ಜಗಲಿಯಿಂದ ಎದ್ದರು. ಅವರ ದನಿ ಅಷ್ಟು ಸಣ್ಣದಾಗಿದ್ದನ್ನು ನಾನು ಕೇಳಿಯೇ ಇರಲಿಲ್ಲ.

"ಬ್ಯಾಗು ಆಮೇಲಿಡು ಮಾರಾಯ್ತಿ. ಮೊದ್ಲು ಕೊಳಕ್ಕೆ ಬಾ."

ಕೊಳದ ನೀರು ತೆಳುನೀಲಿಯಾಗಿತ್ತು. ತಳದಲ್ಲಿ ಪಾಚಿ ಹುಲ್ಲಿನ ಬೂದಿಯಂತೆ ಕುಸಿದು ಬಿದ್ದಿತ್ತು. ಕಪ್ಪೆಗಳ ಸದ್ದೂ ಇರಲಿಲ್ಲ.

"ಕೊಳೆ ಔಷಧಿ ಹಾಕ್ಸಿದೆ," ಎಂದರು. "ಮರುದಿನ ಬಿಳಿಚಿಕೊಳ್ತು. ಔಷಧಿ ಹಿಡೀತಾ ಅದೆ ಅಂದ್ಕಂಡೆ. ಆಮೇಲೆ ನೋಡಿದ್ರೆ ಹಿಂಗೆ."

ಪಟ್ಟಣದಲ್ಲಿ ನೀರಿನ ತೊಟ್ಟಿಗೆ ಪಾಚಿ ಕಟ್ಟಿದರೆ ಅದನ್ನು ಕೊಲ್ಲಲು ಹಾಕುವುದೇ ಮೈಲುತುತ್ತ. ಪಾಚಿಗಳಲ್ಲೆಲ್ಲ ಸೂಕ್ಷ್ಮವಾದ ಪಾಚಿಗೆ ಊರಲ್ಲಿ ಸಿಕ್ಕ ವಿಷಗಳಲ್ಲೆಲ್ಲ ಕಟುವಾದ ವಿಷವನ್ನು ಈ ಹೆಂಗಸು ಪ್ರೀತಿಯಿಂದ ಉಣ್ಣಿಸಿದ್ದರು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದರು ಎನ್ನುತ್ತಾರಲ್ಲ, ಇಲ್ಲಿ ಅಪ್ಪನೂ ಉಳಿಯಲಿಲ್ಲ, ಗಣಪತಿಯೂ ಉಳಿಯಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು. ಯಾರ ಮೇಲೆ ಎಂದು ತಿಳಿಯದೆ ಸಿಟ್ಟು ಬಂದರೆ ಅದರಷ್ಟು ಸಂಕಟ ಬೇರೆ ಇಲ್ಲ. ಗೌಡ್ತಮ್ಮ ಮೆಟ್ಟಿಲ ಮೇಲೆ ಕುಕ್ಕರಿಸಿ ಕೂತು, ನಾನು ಬೈಯಲಿ ಎಂದು ಕಾಯುತ್ತಿದ್ದರು. ಬೈಯಲಾಗದೆ ನಾನೂ ಪಕ್ಕದಲ್ಲಿ ಕೂತು ಅತ್ತುಬಿಟ್ಟೆ.

ಮೇಡಂ ಬರುವ ಚಳಿಗಾಲ ದೂರವಿರಲಿಲ್ಲ. ಊರಲ್ಲಿ ಆಗ ಯಾರೂ ನಗಲಿಲ್ಲ ಎಂಬುದನ್ನು ಹೇಳಲೇಬೇಕು. ತಡಮೆಗೆ ಬೈದವರೇ ಬಂದು ಉಪಾಯ ಹೇಳಿದರು. ಮಳೆಗೆ ಕೊಚ್ಚಿ ಹೋಯಿತು ಅನ್ನಿ ಎಂದರು ಕೆಲವರು.

"ಮಳೆ ಮೇಲೆ ಹಾಕೋಕೆ ಮಳೆ ಏನು ನಮ್ಮನೆ ಆಳಾ?" ಎಂದರು ಗೌಡ್ತಮ್ಮ.

ಮೇಡಂ ಬಂದ ದಿನ ಅವರನ್ನು ಮನೆಯೊಳಕ್ಕೂ ಕರೆಯದೆ ನೇರ ಕೊಳಕ್ಕೆ ಕರೆದುಕೊಂಡು ಹೋದರು. ಊರಿನ ಅರ್ಧ ಜನ ಹಿಂದೆ ನಿಂತಿದ್ದರು. "ಎಲೆ ಅಡಿಕೆ ಕೊಟ್ಟು ಮಾತು ಆಡಿದೋಳು ನಾನು. ಕೊಂದೋಳೂ ನಾನೇ. ಕೊಳೆ ಅಂದ್ಕಂಡು ಔಷಧಿ ಹಾಕ್ಸಿದೆ," ಎಂದರು. ಒಂದು ಮಾತು ಹೆಚ್ಚಿಲ್ಲ, ಕಡಿಮೆಯಿಲ್ಲ.

ಮೇಡಂ ಮುಖ ಸುಣ್ಣವಾಯಿತು. ಮೆಟ್ಟಿಲ ಮೇಲೆ ಕೂತು ಸಂದಿಯ ಬಿಳಿ ಪುಡಿಯನ್ನು ಉಗುರಿನಿಂದ ಕೆರೆದರು.

"ಸುಣ್ಣವೇ ಜೀವ ಅಂತ ನಾನು ಹೇಳದೆ ಇದ್ದಿದ್ದರೆ," ಎಂದರು.

"ನೀವು ಹೇಳಿದ್ದು ಸುಣ್ಣ. ತುತ್ತ ಸೇರ್ಸಿದ್ದು ನಾನು," ಎಂದರು ಗೌಡ್ತಮ್ಮ. "ಅದು ಇರ್ಲಿ. ಈಗ ಮಾಡೋದು ಎಂಥದ್ದು, ಅದು ಹೇಳಿ."

ಒಂದೇ ಒಂದು ಆಸೆಯಿದೆ ಎಂದರು ಮೇಡಂ. ಈ ಪಾಚಿ ಬೀಜದಂಥದ್ದನ್ನು ಉದುರಿಸುತ್ತದೆ. ಧೂಳಿನಷ್ಟು ಸಣ್ಣದು, ಕಪ್ಪಗಿರುತ್ತದೆ, ಕೆಸರಿನೊಳಗೆ ವರ್ಷಗಟ್ಟಲೆ ಮಲಗಿರಬಲ್ಲದು. ತುತ್ತ ಮೇಲಿನ ಕೆಸರಲ್ಲಿ ಕೂತಿದೆ. ಈಗಲೇ ಕೊಳ ಬರಿದು ಮಾಡಿ, ಮೇಲಿನ ಹೂಳನ್ನು ಎತ್ತಿ ಹೊರಗೆ ಹಾಕಿ, ಅಡಿಯ ಮಣ್ಣನ್ನು ಮುಟ್ಟದೆ ಬಿಟ್ಟು, ಮಳೆಯ ಹೊಸ ನೀರು ತುಂಬಿದರೆ ಎದ್ದರೂ ಎದ್ದೀತು. "ಖಾತ್ರಿ ಹೇಳಲಾರೆ ಅಮ್ಮಾ. ಏಳದೆಯೂ ಇರಬಹುದು," ಎಂದರು.

ಕೊಳ ಬರಿದು ಮಾಡುವುದೆಂದರೆ ಏನು ಎಂಬುದು ಮೇಡಂಗೆ ಗೊತ್ತಿರಲಿಲ್ಲ. ನಮಗೆಲ್ಲ ಗೊತ್ತಿತ್ತು. ಬೇಸಿಗೆಯಲ್ಲಿ ಕೆಳಗಿನ ತೋಟಕ್ಕೆ ನೀರು ಬರುವುದು ಆ ಕೊಳದ ತೂಬಿನಿಂದ. ಹಿಂದಿನ ಮಳೆಗಾಲದಲ್ಲಷ್ಟೇ ಗೌಡ್ತಮ್ಮ ಹಳೆಯ ಮರಗಳ ಜಾಗದಲ್ಲಿ ಹೊಸ ಅಡಿಕೆ ಸಸಿ ನೆಟ್ಟಿದ್ದರು. ದೊಡ್ಡ ಮರ ಒಂದು ಬೇಸಿಗೆ ಹಲ್ಲು ಕಚ್ಚಿ ತಡೆದೀತು, ಸಸಿ ತಡೆಯದು. ಇನ್ನೂ ಒಂದು ತೊಡಕಿತ್ತು. ಆ ತೋಟದ ಕೆಳಗಿನ ಪಾಲು ಆಗ ಅವರದಾಗಿ ಉಳಿದಿರಲಿಲ್ಲ. ಅವರ ಗೇಣಿ ಒಕ್ಕಲಾಗಿದ್ದವನಿಗೆ ಭೂಸುಧಾರಣೆಯಲ್ಲಿ ಹೋಗಿತ್ತು, ತೂಬಿನ ನೀರಿನಲ್ಲಿ ಅವನಿಗೂ ಹಕ್ಕಿತ್ತು. ಭೂಮಿ ಹೋದಂದಿನಿಂದ ಎರಡು ಮನೆಗಳ ನಡುವೆ ಮಾತು ಅಷ್ಟಕ್ಕಷ್ಟೇ.

ಮರುದಿನ ಬೆಳಿಗ್ಗೆ ಗೌಡ್ತಮ್ಮ ಅವನ ಮನೆಗೆ ಹೊರಟರು. ಜೊತೆಗೆ ಬಾ ಎಂದು ನನ್ನನ್ನೂ ಕರೆದರು. ಆ ಮನೆಯ ಹೊಸಿಲು ಅವರು ತುಳಿದದ್ದು ಅದೇ ಮೊದಲಂತೆ. ಅವನು ಗಡಿಬಿಡಿಯಿಂದ ಚಾಪೆ ಹಾಸಿ, ತಾನು ಕಂಬಕ್ಕೆ ಒರಗಿ ನಿಂತ.

"ಎಂಥ ಆಗ್ಬೇಕಿತ್ತು ಗೌಡ್ತಮ್ಮ? ಹೇಳಿ ಕಳ್ಸಿದ್ರೆ ನಾನೇ ಬರ್ತಿದ್ದೆ."

"ಹೇಳಿ ಕಳ್ಸೋ ಕಾಲ ಹೋಯ್ತು ಮಾರಾಯ. ಕೇಳೋಕೆ ಬಂದೀನಿ," ಎಂದರು ಗೌಡ್ತಮ್ಮ.

ಕೊಳದ ವಿಷಯ ಪೂರ್ತಿ ಕೇಳಿಸಿಕೊಂಡು ಅವನು ತಲೆ ಕೆರೆದ. "ನಂದು ಹಳೇ ಮರ, ಹೆಂಗೋ ತಡೀತವೆ. ನಿಮ್ಮ ಸಸಿ ಹೋಗ್ತವಲ್ಲ?"

"ಹೋಗ್ತವೆ."

ಅವನ ಹೆಂಡತಿ ಒಳಗಿನಿಂದ ಬೆಲ್ಲ ನೀರು ತಂದಿಟ್ಟಳು. ಗೌಡ್ತಮ್ಮ ಕುಡಿದು ಲೋಟ ಕೆಳಗಿಟ್ಟ ಮೇಲೆ ಅವನು, "ಹಂಗಾರೆ ಹೂಳು ನಂಗೆ ಬಿಡಿ, ತೋಟಕ್ಕೆ ಆಗ್ತದೆ. ನಮ್ಮನೆ ಮಂದಿಯೇ ಎತ್ತಿಕೊಳ್ತೀವಿ," ಎಂದ. ಅಷ್ಟರಲ್ಲೇ ಮಾತು ಮುಗಿಯಿತು.

ಹೂಳು ಎತ್ತುವ ದಿನಗಳಲ್ಲಿ ಗೌಡ್ತಮ್ಮ ಮತ್ತೆ ತಮ್ಮ ಹಳೆಯ ಗಂಟಲಿಗೆ ಬಂದರು. ನಮ್ಮ ಕಡೆ ಕೆರೆ ಹೂಳು ಎತ್ತುವುದೆಂದರೆ ಹಾರೆ ಕಲ್ಲಿಗೆ ತಾಗಿ ಠಣ್ ಎನ್ನುವವರೆಗೆ ಎತ್ತುವುದು. ಅಡಿಯ ಮಣ್ಣೇ ಅಡಿಕೆಗೆ ಅಮೃತ ಎನ್ನುತ್ತಾರೆ. ಅದನ್ನು ಬಿಟ್ಟುಬನ್ನಿ ಎಂದರೆ ಯಾವ ಕೈಗೆ ಮನಸ್ಸು ಬರುತ್ತದೆ? ಗೌಡ್ತಮ್ಮ ಸೊಂಟಕ್ಕೆ ಸೆರಗು ಬಿಗಿದು ಕೆಸರಿನ ನಡುವೆ ನಿಂತು, ಯಾರ ಗುದ್ದಲಿ ಒಂದು ಗೇಣು ಆಳಕ್ಕಿಂತ ಕೆಳಗೆ ಹೋದರೂ ಕೂಗುತ್ತಿದ್ದರು. ಒಕ್ಕಲಿನವನು ನಕ್ಕು, "ಭೂಮಿ ಹೋದಾಗ್ಲೂ ನೀವು ಇಷ್ಟು ಕೂಗಿರ್ಲಿಲ್ಲ," ಎಂದ. ಗೌಡ್ತಮ್ಮನೂ ನಕ್ಕುಬಿಟ್ಟರು. ಮಾತು ಕಡಿಮೆಯಾಗಿದ್ದ ಎರಡು ಮನೆಯವರು ಆ ಕೆಸರಲ್ಲಿ ನಿಂತು ನಕ್ಕಿದ್ದು ನನಗೆ ಇವತ್ತಿಗೂ ಸಂತೋಷದ ನೆನಪು.

ಬೇಸಿಗೆ ಬಂತು. ಸಸಿಗಳು ಮೊದಲು ಹಳದಿಯಾದವು, ಆಮೇಲೆ ಕಂದು. ಶಾಲೆ ಬಿಟ್ಟು ಬಂದು ನಾನು ಬಾವಿಯಿಂದ ಕೊಡ ಹೊತ್ತು ಹೊರಟರೆ ಗೌಡ್ತಮ್ಮ ತಡೆದರು. ಬಾವಿಯ ನೀರು ಮನೆಗೂ ದನಕ್ಕೂ ಸಾಲುತ್ತಿರಲಿಲ್ಲ. ಒಂದು ಸಂಜೆ ಅವರು ಒಂದು ಸಸಿಯ ಸುಳಿ ಹಿಡಿದು ಮೆಲ್ಲಗೆ ಎಳೆದರು. ಸುಳಿ ಬುಡಸಹಿತ ಕೈಗೆ ಬಂತು. ಅದನ್ನು ಅಲ್ಲೇ ಮಣ್ಣ ಮೇಲೆ ಮಲಗಿಸಿ, "ನಡಿ, ದೀಪ ಹಚ್ಚೋ ಹೊತ್ತಾಯ್ತು," ಎಂದರು. ಆಡಿದ ಮಾತಿಗೆ ಇಷ್ಟು ತೆರುವವರನ್ನು ನಾನು ಆಮೇಲೆ ಎಲ್ಲೂ ನೋಡಲಿಲ್ಲ.

ಮಳೆ ಬಂದು ಕೊಳ ತುಂಬಿತು, ಚಳಿಗಾಲಕ್ಕೆ ತಿಳಿಯಾಯಿತು. ತಳದಲ್ಲಿ ಬರೀ ಮಣ್ಣು. ಮರುವರ್ಷವೂ ಅಷ್ಟೇ. ಮೇಡಂ ಬಂದು ನೋಡಿ ಹೋದರು. ನನಗೆ ಎಂಬತ್ತರ ದಶಕದ ಶುರುವಿನಲ್ಲಿ ತೀರ್ಥಹಳ್ಳಿಗೆ ವರ್ಗವಾಯಿತು. ಹೊರಡುವ ದಿನ ಗೌಡ್ತಮ್ಮ ನನ್ನ ಟ್ರಂಕು ಬಸ್ಸಿಗೆ ಹಾಕಿಸಿ, "ಅಲ್ಲಿ ಪಾಚಿಗೀಚಿ ಕಂಡ್ರೆ ಯಾರಿಗೂ ಹೇಳ್ಬೇಡ," ಎಂದು ನಗಲು ನೋಡಿದರು. ಬಸ್ಸು ತಿರುವು ದಾಟುವವರೆಗೂ ನಾನು ಕಿಟಕಿಯಿಂದ ಹಿಂದಕ್ಕೆ ನೋಡುತ್ತಲೇ ಇದ್ದೆ.

ಮುಂದಿನ ಚಳಿಗಾಲ ಆ ಒಕ್ಕಲಿನವನು ಯಾವುದೋ ಕೆಲಸಕ್ಕೆಂದು ತೀರ್ಥಹಳ್ಳಿಗೆ ಬಂದವನು ನನ್ನ ಶಾಲೆಯ ಗೇಟಿನಲ್ಲಿ ನಿಂತಿದ್ದ. "ಗೌಡ್ತಮ್ಮ ಬರ್ಬೇಕಂತೆ ನೀವು. ಮೇಡಂಗೂ ಹೇಳ್ಬೇಕಂತೆ," ಎಂದ. ಹುಷಾರಿಲ್ಲವೇ ಎಂದು ಗಾಬರಿಯಿಂದ ಕೇಳಿದೆ. "ಹುಷಾರಾಗೇ ಅವ್ರೆ. ಕೊಳದ ತೂಬು ಸರಿ ಮಾಡೋಕೆ ನಾನು ಇಳಿದಿದ್ದೆ. ಕಾಲಿಗೆ ತರಿತರಿ ಆಯ್ತು," ಎಂದ. ನಾನು ಆ ಗೇಟಿನಲ್ಲೇ ಅವನ ಎರಡೂ ಕೈ ಹಿಡಿದುಕೊಂಡೆ. ಮಕ್ಕಳು ನೋಡುತ್ತಿದ್ದರು, ನೋಡಲಿ ಎಂದುಕೊಂಡೆ.

ಮೇಡಂ ಸಾಗರದಿಂದ ಬಂದರು, ನಾನು ತೀರ್ಥಹಳ್ಳಿಯಿಂದ ಹೋದೆ. ಹೊಸನಗರದಲ್ಲಿ ಕೂಡಿಕೊಂಡು ಊರು ಸೇರಿದೆವು. ಮೇಡಂ ಕೊಳದ ಕೊನೆಯ ಒಣ ಮೆಟ್ಟಿಲ ಮೇಲೆ ಬೋರಲು ಮಲಗಿ ನೀರೊಳಗೆ ಇಣುಕಿದರು. ತೂಬಿನ ಪಕ್ಕ ಅಂಗೈಯಗಲ, ಈಚೆಗೆ ಇನ್ನೊಂದು ಕಡೆ ಚಾಪೆಯಗಲ, ಬೂದಿ ಹಸಿರು. "ಇದೆ," ಎಂದರು ಮೇಡಂ. ಎದ್ದು ಕೂತು ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

"ಅಮ್ಮಾ, ಇನ್ನು ಮೇಲೂ ಇದನ್ನ ನೀವೇ ನೋಡಿಕೊಳ್ಳಬೇಕು," ಎಂದರು.

"ಇಲ್ಲ ಮೇಡಮ್ಮೋರೆ," ಎಂದರು ಗೌಡ್ತಮ್ಮ. "ನಾ ನೋಡ್ಕಂಡಿದ್ದಕ್ಕೇ ಅದು ಸತ್ತಿದ್ದು. ಈಗ ಅದ್ರ ಪಾಡಿಗೆ ಅದು ಬಂದದೆ. ಯಾರೂ ಅದ್ಕೆ ಎಂಥದ್ದೂ ಮಾಡ್ದಂಗೆ ಕಾಯ್ತೀನಿ. ಒಳ್ಳೇದೂ ಮಾಡ್ಬಾರ್ದು, ಕೆಟ್ಟದ್ದೂ ಮಾಡ್ಬಾರ್ದು. ಆ ಯಾರೂ ಅನ್ನೋದ್ರಲ್ಲಿ ನಾನೂ ಒಬ್ಳು."

ಆಗ ನಾನು ಗಮನಿಸಿದೆ. ನಾವು ಬಂದಾಗಿನಿಂದ ಅವರು ಮೇಲಿನ ಮೆಟ್ಟಿಲ ಮೇಲೆ ನೀರಿಗೆ ಬೆನ್ನು ಹಾಕಿ, ದಾರಿಯ ಕಡೆ ಮುಖ ಮಾಡಿ ಕೂತಿದ್ದರು. ಕತ್ತು ಸಹ ಈ ಕಡೆ ತಿರುಗಿಸಿರಲಿಲ್ಲ.

"ಗೌಡ್ತಮ್ಮ, ನೀವು ನೋಡಿದ್ರಾ?" ಎಂದೆ.

"ಇಲ್ಲ. ಅವನು ಹೇಳಿದ, ಸಾಕು."

"ಒಂದ್ಸಲ ಇಳಿದು ಬನ್ನಿ. ಎಷ್ಟು ಚೆಂದ ಇದೆ."

ಅವರು ದಾರಿಯಿಂದ ಕಣ್ಣು ತೆಗೆಯಲಿಲ್ಲ. ಮಡಿಲಲ್ಲಿ ಒಂದು ಕೈಯಿಂದ ಇನ್ನೊಂದು ಕೈಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದರು.

"ಬೇಡ ಮಾರಾಯ್ತಿ," ಎಂದರು. "ನೋಡಿದ್ರೆ ಕೈ ಸುಮ್ನಿರಲ್ಲ."